ಟ್ರಿಪ್ಪಿಗೆ ಹೊರಟವರ ಪ್ರಶ್ನೆಗಳು: ಮೊದಲ 72 ಗಂಟೆ ನಾಚಿಕೆಯಲ್ಲೇ ಕಳೆಯಬೇಡಿ

ಸೆಮಿಸ್ಟರ್ ಪರೀಕ್ಷೆ ಮುಗಿದು ರಜೆ ಶುರುವಾದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕಾಲೇಜು ಓದುಗರು ಲೈಂಗಿಕ ಆರೋಗ್ಯದ ಬಗ್ಗೆ ಬರೆದ ಪತ್ರಗಳು ಇಲ್ಲಿವೆ. ಒಬ್ಬರು ಗೋವಾಕ್ಕೆ ಹೊರಟವರು, ಇನ್ನೊಬ್ಬರು ಗೋಕರ್ಣದಿಂದ ಬಂದವರು, ಮತ್ತೊಬ್ಬರು ಸಾಣಾಪುರದ ಹೋಮ್‌ಸ್ಟೇ ಬುಕ್ ಮಾಡಿದವರು. ಹೆಚ್ಚಿನ ಪತ್ರಗಳ ಕೊನೆಗೂ ಒಂದೇ ಸಾಲು: ‘ಮನೆಯಲ್ಲಿ ಕೇಳುವ ಹಾಗಿಲ್ಲ.’ ಸ್ತ್ರೀರೋಗ ತಜ್ಞೆ, ಚರ್ಮ ಮತ್ತು ಲೈಂಗಿಕ ರೋಗ ತಜ್ಞ ಹಾಗೂ ಆಪ್ತಸಮಾಲೋಚಕಿ ಸೇರಿ ಉತ್ತರಿಸಿದ್ದೇವೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಈ ಪತ್ರಗಳಲ್ಲಿ ಕೆಲವು ತಡವಾಗಿ ಬಂದಿವೆ. ಇಂಥ ವಿಷಯದಲ್ಲಿ ಔಷಧ ಕೆಲಸ ಮಾಡುವುದು ಗಂಟೆಗಳ ಲೆಕ್ಕದಲ್ಲಿ. ಏನಾದರೂ ಆಗಿದ್ದರೆ ಪತ್ರಿಕೆಯ ಉತ್ತರಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾವು ಐದು ಜನ ಗೆಳೆಯರು ಬೇಸಿಗೆ ರಜೆಗೆ ಗೋವಾಕ್ಕೆ ಹೊರಟಿದ್ದೇವೆ. ಮುಂಜಾಗ್ರತೆಗೆ ಇರಲಿ ಅಂತ ಕಾಂಡೋಮ್ ತಂದು ಪರ್ಸಿನಲ್ಲಿ ಇಟ್ಟುಕೊಂಡು ಎರಡು ತಿಂಗಳಾಯಿತು. ಬಳಸಬಹುದಾ? ಹರಿದು ಹೋಗುತ್ತೆ ಅಂತ ಗೆಳೆಯರು ಹೆದರಿಸುತ್ತಾರೆ. ಎರಡು ಹಾಕಿಕೊಂಡರೆ ಸೇಫಾ?
— ಬಿ.ಇ. ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಪರ್ಸಿನಲ್ಲಿರುವುದನ್ನು ಎಸೆದು ಹೊಸದು ತಗೊಳ್ಳಿ. ಕಾಂಡೋಮ್ ತೆಳುವಾದ ಲ್ಯಾಟೆಕ್ಸ್ ರಬ್ಬರಿನದು. ಅದಕ್ಕೆ ಬಿಸಿಯೂ ಆಗದು, ತಿಕ್ಕಾಟವೂ ಆಗದು. ಹಿಂದಿನ ಜೇಬಿನ ಪರ್ಸಿನ ಮೇಲೆ ನೀವು ದಿನವಿಡೀ ಕೂರುತ್ತೀರಿ. ಬಳ್ಳಾರಿಯ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಬೈಕ್ ಸೀಟಿನ ಕೆಳಗಿನ ಡಬ್ಬಿ ಮತ್ತು ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಹೆಚ್ಚು ಕಾಯುತ್ತವೆ. ಪೊಟ್ಟಣ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಬ್ಬರು ಬಿರುಸಾಗಿರುತ್ತದೆ. ಹರಿಯುವುದು ಅಂಥದ್ದೇ. ಬ್ಯಾಗಿನಲ್ಲಿ ಬಟ್ಟೆಗಳ ನಡುವೆ, ಸಣ್ಣ ಗಟ್ಟಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಬಳಸುವ ಮುನ್ನ ಅವಧಿ ಮುಗಿಯುವ ದಿನಾಂಕ ನೋಡಿ. ಪೊಟ್ಟಣವನ್ನು ಎರಡು ಬೆರಳಿನಿಂದ ಒತ್ತಿ. ಒಳಗಿನ ಗಾಳಿ ಮೆತ್ತಗೆ ಎದುರೊತ್ತಬೇಕು. ಗಾಳಿಯಿಲ್ಲದೆ ಚಪ್ಪಟೆಯಾಗಿದ್ದರೆ ಎಲ್ಲೋ ತೂತಾಗಿದೆ ಎಂದರ್ಥ. ಅಂಚಿನಲ್ಲಿ ಬೆರಳಿನಿಂದಲೇ ಹರಿಯಿರಿ, ಹಲ್ಲು, ಕತ್ತರಿ ಬೇಡ. ಶಿಶ್ನ ಪೂರ್ತಿ ಗಟ್ಟಿಯಾದ ಮೇಲೆ, ಯೋನಿಯನ್ನು ಮುಟ್ಟುವ ಮೊದಲೇ ಹಾಕಿಕೊಳ್ಳಬೇಕು. ‘ಕೊನೆಗೆ ಹಾಕಿಕೊಂಡರಾಯಿತು’ ಎನ್ನುವುದು ಸುಳ್ಳು ಲೆಕ್ಕ. ಸೋಂಕು ಸ್ಖಲನಕ್ಕೆ ಕಾಯುವುದಿಲ್ಲ, ಮೊದಲೇ ಬರುವ ದ್ರವದಲ್ಲೂ ವೀರ್ಯಾಣು ಇರಬಹುದು. ಸುರುಳಿಯ ಅಂಚು ಹೊರಮುಖವಾಗಿರಲಿ, ತುದಿಯನ್ನು ಹೆಬ್ಬೆರಳು–ತೋರುಬೆರಳಿನಲ್ಲಿ ಚಿವುಟಿ ಹಿಡಿದು ಗಾಳಿ ತೆಗೆದು, ಬುಡದವರೆಗೆ ಬಿಚ್ಚಿ. ತುದಿಯಲ್ಲಿ ಗಾಳಿ ಉಳಿದರೆ ಅಲ್ಲೇ ಒಡೆಯುತ್ತದೆ. ಉಲ್ಟಾ ಹಾಕಿ ಬಿಚ್ಚದಿದ್ದರೆ ತಿರುವಿ ಹಾಕಬೇಡಿ, ಎಸೆದು ಹೊಸದು ತೆಗೆಯಿರಿ. ಆ ದ್ರವ ಆಗಲೇ ಹೊರಮೈಗೆ ತಾಗಿರುತ್ತದೆ.

ಸ್ಖಲನದ ನಂತರ ಶಿಶ್ನ ಮೆತ್ತಗಾಗುವ ಮುನ್ನ, ಕಾಂಡೋಮಿನ ಬುಡ ಹಿಡಿದುಕೊಂಡೇ ಹೊರತೆಗೆಯಬೇಕು. ಜಾರಿ ಒಳಗೇ ಉಳಿದು ಗಾಬರಿಯಾಗುವುದು ಈ ಹಂತದಲ್ಲಿ. ಗಂಟು ಹಾಕಿ, ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಟಾಯ್ಲೆಟ್ಟಿಗೆ ಬೇಡ.

ಎರಡು ಹಾಕಿಕೊಂಡರೆ ಒಂದಕ್ಕೊಂದು ತಿಕ್ಕಿ ಎರಡೂ ಹರಿಯುವ ಸಂಭವ ಹೆಚ್ಚು. ಹರಿಯಲು ಇನ್ನೊಂದು ದೊಡ್ಡ ಕಾರಣ ಎಣ್ಣೆ. ಕೊಬ್ಬರಿ ಎಣ್ಣೆ, ವ್ಯಾಸಲಿನ್, ಬಾಡಿ ಲೋಷನ್, ಬೀಚಿನಲ್ಲಿ ಹಚ್ಚಿದ ಸನ್‌ಸ್ಕ್ರೀನ್ ಕೈಯಲ್ಲಿದ್ದರೂ ಲ್ಯಾಟೆಕ್ಸ್ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಜಾರುಗುಣ ಬೇಕಿದ್ದರೆ ಮೆಡಿಕಲ್ ಶಾಪಿನಲ್ಲಿ ನೀರಿನಾಧಾರದ ಜೆಲ್ಲಿ ಸಿಗುತ್ತದೆ. ಕಾಂಡೋಮ್ ಕೊಳ್ಳಲು ಚೀಟಿ ಬೇಕಿಲ್ಲ, ಸರ್ಕಾರಿ ಆಸ್ಪತ್ರೆಗಳಲ್ಲಿ ‘ನಿರೋಧ್’ ಪುಕ್ಕಟೆ. ತಂದ ಪೊಟ್ಟಣ ಹಾಗೆಯೇ ವಾಪಸ್ ಬಂದರೂ ನಷ್ಟವಿಲ್ಲ. ಬ್ಯಾಗಿನಲ್ಲಿದೆ ಎಂದ ಮಾತ್ರಕ್ಕೆ ಬಳಸಲೇಬೇಕೆಂಬ ಒತ್ತಡವನ್ನು ಗೆಳೆಯರು ಹಾಕಿದರೆ ಒಪ್ಪಬೇಕಿಲ್ಲ.

ಪ್ರಶ್ನೆ: ನನ್ನ ಗೆಳತಿಯ ಪರವಾಗಿ ಬರೆಯುತ್ತಿದ್ದೇನೆ. ಟ್ರಿಪ್ಪಿನಲ್ಲಿ ಕಾಂಡೋಮ್ ಹರಿಯಿತು. ಮರುದಿನ ಸಂಜೆ ಐ-ಪಿಲ್ ತಗೊಂಡಳು, ವಾಪಸ್ ಬರುವ ಬಸ್ಸಿನಲ್ಲಿ ವಾಂತಿಯಾಯಿತು. ನಾಲ್ಕು ದಿನದ ಮೇಲೆ ಸ್ವಲ್ಪ ಬ್ಲೀಡಿಂಗ್ ಆಗಿದೆ. ಈಗ ಚಿಂತೆಯಿಲ್ಲ ಅಲ್ಲವೇ? ಇದರಿಂದ ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದು ನಿಜವೇ?
— ಗಂಗಾವತಿ

ಉತ್ತರ: ಚಿಂತೆ ಇಲ್ಲ ಎನ್ನಲು ಒಂದು ಟೆಸ್ಟ್ ಬಾಕಿಯಿದೆ. ಆ ನಾಲ್ಕನೇ ದಿನದ ಬ್ಲೀಡಿಂಗ್ ಮುಟ್ಟಲ್ಲ, ಮಾತ್ರೆಯ ಹಾರ್ಮೋನಿನಿಂದ ಆಗಿರಬಹುದಾದದ್ದು. ಅದನ್ನೇ ಮುಟ್ಟು ಎಂದುಕೊಂಡು ಸುಮ್ಮನಿದ್ದು, ಎರಡು ತಿಂಗಳಾದ ಮೇಲೆ ಗರ್ಭ ನಿಂತಿದ್ದು ತಿಳಿಯುವವರಿದ್ದಾರೆ.

ಐ-ಪಿಲ್, ಅನ್‌ವಾಂಟೆಡ್-72 ಇವೆಲ್ಲದರಲ್ಲೂ ಇರುವುದು ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ. ಒಂದೇ ಮಾತ್ರೆ, ಒಂದೇ ಸಲ. ಅಂಡಾಣು ಬಿಡುಗಡೆಯಾಗುವುದನ್ನು ಮುಂದೂಡುವುದು ಅದರ ಕೆಲಸ. ಅಂಡಾಣು ಆಗಲೇ ಬಿಡುಗಡೆಯಾಗಿದ್ದರೆ ಅದು ಏನೂ ಮಾಡಲಾರದು. ಪೊಟ್ಟಣದ ಮೇಲೆ 72 ಗಂಟೆ ಎಂದಿದ್ದರೂ ಗಂಟೆ ಕಳೆದಂತೆ ಬಲ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಮೆಡಿಕಲ್ ಶಾಪ್ ತೆರೆದ ಕೂಡಲೇ ತಗೊಳ್ಳಬೇಕು. ಊರಿಗೆ ಹೋಗಿ ನೋಡೋಣ ಎನ್ನಬಾರದು. ಮಾತ್ರೆ ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ತಗೊಳ್ಳಬೇಕು, ನಂತರ ಆಗಿದ್ದರೆ ಬೇಕಿಲ್ಲ. ನಿಮ್ಮ ಗೆಳತಿಗೆ ಬಸ್ಸಿನಲ್ಲಿ ವಾಂತಿಯಾದದ್ದು ಎಷ್ಟು ಹೊತ್ತಿಗೆ ಎಂದು ಪತ್ರದಲ್ಲಿಲ್ಲ. ಅದೇ ಇಲ್ಲಿ ಮುಖ್ಯ. ಬಸ್ಸಿನಲ್ಲಿ ವಾಂತಿಯಾಗುವವರು ಹೊರಡುವ ಮೂರು ಗಂಟೆ ಮುಂಚೆಯೇ, ಊಟದ ಜೊತೆಗೆ ನುಂಗುವುದು ಒಳ್ಳೆಯದು. ಮೂರ್ಛೆರೋಗಕ್ಕೆ ಕಾರ್ಬಮಜೆಪಿನ್, ಫೆನಿಟಾಯಿನ್ ಅಥವಾ ಕ್ಷಯಕ್ಕೆ ರಿಫಾಂಪಿಸಿನ್ ತಗೊಳ್ಳುತ್ತಿರುವವರಿಗೆ ಈ ಮಾತ್ರೆ ಸರಿಯಾಗಿ ನಾಟುವುದಿಲ್ಲ. ತೂಕ ಹೆಚ್ಚಿರುವವರಲ್ಲೂ ಬಲ ಕಡಿಮೆ. ಅಂಥವರಿಗೆ ಐದು ದಿನದೊಳಗೆ ಆಸ್ಪತ್ರೆಯಲ್ಲಿ ಕಾಪರ್-ಟಿ ಹಾಕಿಸುವುದು ಇದಕ್ಕಿಂತ ಹೆಚ್ಚು ಖಾತ್ರಿಯ ದಾರಿ.

ಮೆಡಿಕಲ್ ಶಾಪಿನಲ್ಲಿ ಪೂರ್ತಿ ಹೆಸರು ಹೇಳಿ ಕೇಳಿ. ‘ಅನ್‌ವಾಂಟೆಡ್-72’ ತುರ್ತು ಮಾತ್ರೆ, ‘ಅನ್‌ವಾಂಟೆಡ್-21’ ದಿನಾ ತಗೊಳ್ಳುವ ಗರ್ಭನಿರೋಧಕ, ‘ಅನ್‌ವಾಂಟೆಡ್ ಕಿಟ್’ ಗರ್ಭಪಾತದ ಮಾತ್ರೆ. ಗಡಿಬಿಡಿಯಲ್ಲಿ, ತಗ್ಗಿದ ದನಿಯಲ್ಲಿ ‘ಅನ್‌ವಾಂಟೆಡ್ ಕೊಡಿ’ ಎಂದರೆ ಬೇರೆಯದೇ ಕೈಗೆ ಬರಬಹುದು.

ಆ ಸಂಪರ್ಕ ನಡೆದ ದಿನದಿಂದ ಮೂರು ವಾರ ತುಂಬಿದ ಮೇಲೆ, ಅಥವಾ ಮುಟ್ಟು ಒಂದು ವಾರ ತಡವಾದರೆ ಆಗಲೇ, ಮನೆಯಲ್ಲಿ ಪ್ರೆಗ್ನೆನ್ಸಿ ಕಿಟ್‌ನಿಂದ ನೋಡಲಿ. ಬೆಳಗಿನ ಮೊದಲ ಮೂತ್ರ, ಕಿಟ್ಟಿನ ಜೊತೆ ಬರುವ ಡ್ರಾಪರಿನಿಂದ ಚೀಟಿಯಲ್ಲಿ ಹೇಳಿದಷ್ಟೇ ಹನಿ, ಐದು ನಿಮಿಷ ಕಾಯುವುದು. ‘ಸಿ’ ಎದುರಿನ ಗೆರೆ ಬರಲೇಬೇಕು, ಬರದಿದ್ದರೆ ಕಿಟ್ ಕೆಟ್ಟಿದೆ. ‘ಟಿ’ ಎದುರು ಮಸುಕಾದ ಗೆರೆ ಬಂದರೂ ಗರ್ಭ ಎಂದೇ ತಿಳಿದು ಡಾಕ್ಟರನ್ನು ಕಾಣಬೇಕು. ಅರ್ಧ ಗಂಟೆ ಬಿಟ್ಟು ನೋಡಿದ ಗೆರೆಯನ್ನು ನಂಬಬೇಡಿ.

ಬಂಜೆತನ ಬರುತ್ತದೆ ಎನ್ನುವುದು ಸುಳ್ಳು. ಆದರೆ ಇದನ್ನೇ ತಿಂಗಳು ತಿಂಗಳು ನಂಬಿಕೊಂಡರೆ ಮುಟ್ಟಿನ ಲೆಕ್ಕ ಏರುಪೇರಾಗುತ್ತದೆ. ಇನ್ನೊಂದು ವಿಷಯ: ಅಂಡಾಣು ಬಿಡುಗಡೆ ಮುಂದಕ್ಕೆ ಹೋಗಿರುವುದರಿಂದ, ಮಾತ್ರೆ ತಗೊಂಡ ಮೇಲಿನ ದಿನಗಳಲ್ಲಿ ರಕ್ಷಣೆಯಿಲ್ಲದೆ ಸೇರಿದರೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಡಾಕ್ಟರ್ ಮೇಡಂ, ಬರೋ ವಾರ ನಮ್ಮ ಕಾಲೇಜಿಂದ ಟೂರ್ ಐತ್ರಿ, ಅದೇ ಟೈಮಿಗೆ ನನ್ನ ಡೇಟ್ ಐತಿ. ಮುಟ್ಟು ಮುಂದ ಹಾಕೋ ಗುಳಿಗಿ ತಗೋಬಹುದೇನ್ರಿ? ಮನ್ಯಾಗ ಕೇಳಿದ್ರ ಬೈತಾರ.
— ಪಿಯುಸಿ ಮುಗಿಸಿ ಡಿಗ್ರಿ ಸೇರಿದಾಕಿ, ಯಲಬುರ್ಗಾ

ಉತ್ತರ: ತಗೋಬಹುದಮ್ಮ, ಆದರೆ ಒಮ್ಮೆ ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಬರೆದುಕೊಡುವುದು ನೊರೆಥಿಸ್ಟಿರಾನ್ 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಡೇಟಿಗೆ ಮೂರು ದಿನ ಮುಂಚೆ ಶುರುಮಾಡಬೇಕು. ಮುಟ್ಟು ಶುರುವಾದ ಮೇಲೆ ತಗೊಂಡರೆ ನಿಲ್ಲುವುದಿಲ್ಲ. ಟೂರ್ ಮುಗಿದು ಮಾತ್ರೆ ಬಿಟ್ಟ ಎರಡು–ಮೂರು ದಿನಕ್ಕೆ ಮುಟ್ಟಾಗುತ್ತದೆ. ಒಂದು ಹೊತ್ತು ತಪ್ಪಿದರೂ ಟೂರಿನಲ್ಲೇ ಚುಕ್ಕೆ ಚುಕ್ಕೆ ಕಾಣಿಸಬಹುದು, ಹಾಗಾಗಿ ಪ್ಯಾಡ್ ಬ್ಯಾಗಿನಲ್ಲಿರಲಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಲಿವರ್ ತೊಂದರೆ, ಕಣ್ಣ ಮುಂದೆ ಮಿಂಚು ಕಾಣಿಸಿ ಬರುವ ಮೈಗ್ರೇನ್ ಇದ್ದವರಿಗೆ ಇದು ಬೇಡ. ರಾತ್ರಿಯಿಡೀ ಬಸ್ಸಿನಲ್ಲಿ ಕೂರುವಾಗ ಪ್ರತಿ ನಿಲುಗಡೆಯಲ್ಲೂ ಇಳಿದು ನಡೆದಾಡಿ. ಒಂದು ಕಾಲಿನ ಮೀನಖಂಡ ಬಾತು ನೋಯತೊಡಗಿದರೆ, ಎದೆ ಚುಚ್ಚಿ ಉಸಿರು ಸಿಕ್ಕಿಕೊಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದು ಗರ್ಭ ತಡೆಯುವ ಮಾತ್ರೆಯಲ್ಲ ಎನ್ನುವುದನ್ನು ನಿಮ್ಮ ಗೆಳತಿಯರಿಗೂ ಹೇಳಿ.

ಪ್ರತಿ ಹಬ್ಬಕ್ಕೂ ಪೂಜೆಗೂ ಇದನ್ನು ನುಂಗುವುದು ನಮಗೆ ಸರಿಕಾಣದು. ವರ್ಷಕ್ಕೊಮ್ಮೆ ಟೂರಿಗಾದರೆ ಭಯಪಡಬೇಕಿಲ್ಲ. ಮುಟ್ಟಿನಲ್ಲೇ ಹೋಗುವುದಾದರೂ ತೊಂದರೆಯೇನಿಲ್ಲ: ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಿ, ಬಳಸಿದ್ದನ್ನು ಸುತ್ತಿಡಲು ಹಳೆ ಪೇಪರ್ ಒಯ್ಯಿರಿ.

ಪ್ರಶ್ನೆ: ಹತ್ತು ದಿನದ ಹಿಂದೆ ಟ್ರಿಪ್ಪಿನಲ್ಲಿ ಪರಿಚಯವಿಲ್ಲದ ಮಹಿಳೆಯೊಂದಿಗೆ ಕಾಂಡೋಮ್ ಇಲ್ಲದೆ ಸಂಪರ್ಕವಾಯಿತು. ನಾಲ್ಕನೇ ದಿನದಿಂದ ಮೂತ್ರ ಮಾಡುವಾಗ ಉರಿ, ಒಳಉಡುಪಿನಲ್ಲಿ ಹಳದಿ ಕೀವು. ಎಚ್‌ಐವಿ ಬಂದಿದೆಯೇ? ರೂಮ್‌ಮೇಟ್ ಬಳಿ ಉಳಿದಿದ್ದ ಆಂಟಿಬಯಾಟಿಕ್ ಎರಡು ದಿನ ತಗೊಂಡೆ, ಸ್ವಲ್ಪ ಕಡಿಮೆಯಾಗಿದೆ.
— ಹಾಸ್ಟೆಲ್ ವಿದ್ಯಾರ್ಥಿ, ರಾಯಚೂರು

ಉತ್ತರ: ನಿಮಗಿರುವ ಲಕ್ಷಣ ಎಚ್‌ಐವಿಯದಲ್ಲ. ಎರಡರಿಂದ ಏಳು ದಿನದೊಳಗೆ ಉರಿ, ದಪ್ಪ ಹಳದಿ ಕೀವು ಎಂದರೆ ಗನೋರಿಯಾ ಸಂಶಯ ಮೊದಲು. ಅದರ ಜೊತೆಗೇ ಕ್ಲಮೈಡಿಯಾ ಇರುವುದೂ ಸಾಮಾನ್ಯ. ಎರಡೂ ಪೂರ್ತಿ ವಾಸಿಯಾಗುತ್ತವೆ. ಅರ್ಧ ಕೋರ್ಸು ನುಂಗಿದ್ದರಿಂದ ಕೀವು ಕಡಿಮೆಯಾಗಿದೆಯೇ ಹೊರತು ರೋಗಾಣು ಸತ್ತಿಲ್ಲ. ಉಳಿದವು ಔಷಧಕ್ಕೆ ಬಗ್ಗದವುಗಳಾಗಬಹುದು, ಸೋಂಕು ವೃಷಣಗಳಿಗೆ ಏರಿ ಬಾವು ತರಬಹುದು. ಆ ಮಾತ್ರೆ ಈಗಲೇ ನಿಲ್ಲಿಸಿ, ಪಟ್ಟಿಯನ್ನು ಹಾಗೇ ಹಿಡಿದುಕೊಂಡು ಬನ್ನಿ. ಏನು ತಗೊಂಡಿರಿ ಎಂದು ಡಾಕ್ಟರಿಗೆ ತಿಳಿಯಬೇಕು.

ರಿಮ್ಸ್ ಆಸ್ಪತ್ರೆಗೆ ಹೋಗಿ ‘ಸುರಕ್ಷಾ ಕ್ಲಿನಿಕ್’ ಎಲ್ಲಿದೆ ಎಂದು ಕೇಳಿ. ಲೈಂಗಿಕ ಸೋಂಕುಗಳ ಉಚಿತ ಚಿಕಿತ್ಸೆಗೆಂದೇ ಸರ್ಕಾರ ನಡೆಸುವ ಕ್ಲಿನಿಕ್ ಅದು. ಕೇಳಲು ಮುಜುಗರವಾದರೆ ಚರ್ಮರೋಗ ವಿಭಾಗಕ್ಕೆ ಹೋದರೂ ದಾರಿ ತೋರಿಸುತ್ತಾರೆ. ಚಿಕಿತ್ಸೆ ಮುಗಿದ ಏಳು ದಿನದವರೆಗೆ ಲೈಂಗಿಕ ಸಂಪರ್ಕ ಬೇಡ. ಊರಿನಲ್ಲಿ ನಿಮಗೆ ಬೇರೆ ಸಂಗಾತಿಯಿದ್ದು ಈ ಹತ್ತು ದಿನದಲ್ಲಿ ಸೇರಿದ್ದರೆ, ಅವರಿಗೂ ಚಿಕಿತ್ಸೆ ಆಗಲೇಬೇಕು. ಹೆಂಗಸರಲ್ಲಿ ಈ ಸೋಂಕು ಲಕ್ಷಣವೇ ತೋರದೆ ಗರ್ಭನಾಳ ಸೇರಿ ಕೂರುತ್ತದೆ. ಹೇಳುವುದು ಕಷ್ಟ, ಆದರೂ ಹೇಳಿ.

ಎಚ್‌ಐವಿ ವಿಷಯ. ಸಂಪರ್ಕವಾದ 72 ಗಂಟೆಯೊಳಗೆ, ಸಾಧ್ಯವಾದರೆ ಮೊದಲ ಕೆಲವೇ ಗಂಟೆಗಳಲ್ಲಿ, ಪಿಇಪಿ ಎಂಬ ಮಾತ್ರೆ ಶುರುಮಾಡಿ 28 ದಿನ ಬಿಡದೆ ತಗೊಂಡರೆ ಸೋಂಕು ನೆಲೆಯೂರದಂತೆ ತಡೆಯಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಗಳಲ್ಲಿ ವಿಚಾರಿಸಬೇಕು. ರಾತ್ರಿಯಾದರೆ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗ. ಗೋವಾದಲ್ಲಿದ್ದರೆ ಬಾಂಬೋಲಿಮ್‌ನ ಮೆಡಿಕಲ್ ಕಾಲೇಜು, ಗೋಕರ್ಣದ ಕಡೆಯಿದ್ದರೆ ಕಾರವಾರದ ಜಿಲ್ಲಾ ಆಸ್ಪತ್ರೆ. ನಿಮಗೆ ಆ ಹೊತ್ತು ಮೀರಿದೆ. ಹಾಗೆಂದು ಸೋಂಕು ತಗುಲಿದೆ ಎಂದಲ್ಲ, ಒಂದು ಸಂಪರ್ಕದಿಂದ ತಗುಲದಿರುವುದೇ ಹೆಚ್ಚು. ಆದರೆ ಗನೋರಿಯಾದಿಂದ ಉರಿಯೂತವಾದ ಜಾಗದಲ್ಲಿ ಎಚ್‌ಐವಿ ಸುಲಭವಾಗಿ ಒಳನುಗ್ಗುತ್ತದೆ, ಆದ್ದರಿಂದ ಟೆಸ್ಟ್ ಬೇಕೇ ಬೇಕು. ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಸಲಹೆ–ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಈಗೊಮ್ಮೆ, ಆರು ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ಮಾಡಿಸಿ. ಈಗಿನ ‘ನೆಗೆಟಿವ್’ ಆ ರಾತ್ರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಮೂರನೇ ತಿಂಗಳಿನದೇ ಕೊನೆಯ ಮಾತು. ಅಲ್ಲಿಯವರೆಗೆ ಕಾಂಡೋಮ್ ತಪ್ಪಿಸಬೇಡಿ, ರಕ್ತದಾನ ಮಾಡಬೇಡಿ. ಅದೇ ರಕ್ತದಲ್ಲಿ ಸಿಫಿಲಿಸ್ ಟೆಸ್ಟ್ ಕೂಡ ಮಾಡಿಸಿ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ಮೂರು ವಾರಕ್ಕೆ ಕಾಣಿಸುತ್ತದೆ, ನೋವಿರುವುದಿಲ್ಲ, ಔಷಧವಿಲ್ಲದೆಯೂ ಮಾಯುತ್ತದೆ. ಹುಣ್ಣು ಮಾಯ್ದರೂ ರೋಗ ರಕ್ತದಲ್ಲೇ ಉಳಿದಿರುತ್ತದೆ.

ಟೆಸ್ಟಿಗೆ ದುಡ್ಡು ಕೊಡಬೇಕಿಲ್ಲ. ಫಲಿತಾಂಶ ಗುಟ್ಟಾಗಿಡುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅವರ ಕರ್ತವ್ಯ, ಹಾಸ್ಟೆಲ್ಲಿಗೋ ಕಾಲೇಜಿಗೋ ತಿಳಿಸುವ ಹಾಗಿಲ್ಲ. ಮೊದಲು ಫೋನಿನಲ್ಲಿ ಮಾತಾಡಬೇಕಿದ್ದರೆ 1097 ಪುಕ್ಕಟೆ ಸಹಾಯವಾಣಿ.

ಪ್ರಶ್ನೆ: ಟ್ರಿಪ್ಪಿನಿಂದ ಬಂದಾಗಿನಿಂದ ಉರಿಮೂತ್ರ, ಐದು ನಿಮಿಷಕ್ಕೊಮ್ಮೆ ಹೋಗಬೇಕೆನಿಸುತ್ತದೆ. ಇದು ಗುಪ್ತರೋಗವೇ?
— ಸಿಂಧನೂರು

ಉತ್ತರ: ಬಿಳಿಸೆರಗು, ಹುಣ್ಣು ಇಲ್ಲದೆ ಬರೀ ಉರಿ ಮತ್ತು ಪದೇ ಪದೇ ಹೋಗುವಂತಾದರೆ ಹೆಚ್ಚಾಗಿ ಅದು ಮೂತ್ರಕೋಶದ ಸೋಂಕು. ಬಸ್ಸಿನಲ್ಲಿ ಟಾಯ್ಲೆಟ್ ಸಿಗದೆಂದು ನೀರು ಕುಡಿಯದಿರುವುದು, ಗಂಟೆಗಟ್ಟಲೆ ತಡೆಹಿಡಿಯುವುದು ಇದಕ್ಕೆ ಕಾರಣ. ಲೈಂಗಿಕ ಸಂಪರ್ಕದಿಂದಲೂ ಕರುಳಿನ ರೋಗಾಣು ಮೂತ್ರನಾಳದೊಳಕ್ಕೆ ಸರಿಯುತ್ತದೆ. ಸಂಪರ್ಕದ ನಂತರ ಮೂತ್ರ ಮಾಡುವುದು, ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದು ರೂಢಿಯಾಗಲಿ. ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಿ ಡಾಕ್ಟರ್ ಬರೆದ ಕೋರ್ಸ್ ಮುಗಿಸಿ. ಚಳಿಜ್ವರ, ಪಕ್ಕೆನೋವು, ವಾಂತಿ ಶುರುವಾದರೆ ಸೋಂಕು ಕಿಡ್ನಿಗೆ ಏರಿದೆ ಎಂದರ್ಥ, ಅಂದೇ ಹೋಗಬೇಕು. ಸಂಪರ್ಕವಾಗಿದ್ದರೆ ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ, ಪರೀಕ್ಷೆಯೇ ಬದಲಾಗುತ್ತದೆ.

ಪ್ರಶ್ನೆ: ನಾನು ಮತ್ತು ನನ್ನ ಹುಡುಗಿ ಆನೆಗೊಂದಿ ಕಡೆ ಹೋಮ್‌ಸ್ಟೇ ಬುಕ್ ಮಾಡಿದ್ದೇವೆ. ಮದುವೆಯಾಗಿಲ್ಲ. ಪೊಲೀಸರು ಹಿಡಿಯುತ್ತಾರಾ? ಕ್ಯಾಮೆರಾ ಇಟ್ಟಿರುತ್ತಾರೆ ಅನ್ನುವ ಭಯವೂ ಇದೆ. ಅವಳಿಗೆ ಇನ್ನು ನಾಲ್ಕು ತಿಂಗಳಿಗೆ 18 ತುಂಬುತ್ತದೆ.
— ಕಂಪ್ಲಿ

ಉತ್ತರ: ಕೊನೆಯ ಸಾಲೇ ಎಲ್ಲಕ್ಕಿಂತ ದೊಡ್ಡದು. ಬುಕಿಂಗ್ ರದ್ದು ಮಾಡಿ. 18 ತುಂಬದವರ ಒಪ್ಪಿಗೆಯನ್ನು 2012ರ ಪೋಕ್ಸೊ ಕಾಯ್ದೆ ಒಪ್ಪಿಗೆಯೆಂದೇ ಪರಿಗಣಿಸುವುದಿಲ್ಲ. ಅವಳೇ ಇಷ್ಟಪಟ್ಟು ಬಂದಿದ್ದರೂ, ನಾಲ್ಕೇ ದಿನ ಕಡಿಮೆಯಿದ್ದರೂ ಅದು ಗಂಭೀರ ಅಪರಾಧ. ಮುಂದೆ ಅವಳು ಗರ್ಭಿಣಿಯಾಗಿ ಆಸ್ಪತ್ರೆಗೆ ಹೋದರೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ಅದು ಅವರ ಇಷ್ಟಾನಿಷ್ಟದ ಮಾತಲ್ಲ. ಆಧಾರ್ ಕಾರ್ಡಿನಲ್ಲಿರುವ ಹುಟ್ಟಿದ ದಿನಾಂಕವನ್ನು ತಿದ್ದಿ ತೋರಿಸಿದರೆ ಇನ್ನೊಂದು ಅಪರಾಧ ಸೇರಿಕೊಳ್ಳುತ್ತದೆ. ಒಬ್ಬರನ್ನೊಬ್ಬರು ನಿಜವಾಗಿ ಮೆಚ್ಚಿದ್ದರೆ ನಾಲ್ಕು ತಿಂಗಳು ದೊಡ್ಡದಲ್ಲ.

ಇಬ್ಬರೂ 18 ದಾಟಿದವರಾಗಿದ್ದರೆ, ಮದುವೆಯಾಗದೆ ಒಂದೇ ಕೋಣೆಯಲ್ಲಿರುವುದನ್ನು ಅಪರಾಧ ಎನ್ನುವ ಕಾನೂನಿಲ್ಲ. ಹೋಮ್‌ಸ್ಟೇಯವರು ತಮ್ಮ ನಿಯಮದಂತೆ ಕೋಣೆ ಕೊಡದಿರಬಹುದು, ಅದನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು. ಇಬ್ಬರ ಗುರುತಿನ ಚೀಟಿಯೂ ಬೇಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಕೊಡುವುದು ಕ್ಷೇಮ.

ಕ್ಯಾಮೆರಾ ಹುಡುಕಲು ಹತ್ತು ನಿಮಿಷ ಸಾಕು. ಹಾಸಿಗೆಗೆ, ಬಾತ್‌ರೂಮಿಗೆ ಮುಖ ಮಾಡಿರುವ ವಸ್ತುಗಳನ್ನೇ ನೋಡಿ: ಗೋಡೆ ಗಡಿಯಾರ, ಪ್ಲಗ್ಗಿನಲ್ಲೇ ಬಿಟ್ಟಿರುವ ಚಾರ್ಜರ್, ಹೊಗೆ ಪತ್ತೆ ಮಾಡುವ ಡಬ್ಬಿ, ಕನ್ನಡಿಯ ಹಿಂಬದಿ, ಗೋಡೆಯ ತೂತು. ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ನಿಧಾನಕ್ಕೆ ಆಡಿಸಿ, ಲೆನ್ಸ್ ಇದ್ದರೆ ಚುಕ್ಕೆಯಾಗಿ ಹೊಳೆಯುತ್ತದೆ. ಕತ್ತಲಲ್ಲೂ ಚಿತ್ರ ಹಿಡಿಯುವ ಕ್ಯಾಮೆರಾದ ಬೆಳಕು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಕೆನ್ನೇರಳೆ ಚುಕ್ಕೆಯಾಗಿ ಕಾಣಬಹುದು. ಸಿಕ್ಕರೆ ಕೈಯಿಂದ ಕೀಳಬೇಡಿ. ಇದ್ದ ಹಾಗೆಯೇ ಫೋಟೊ ತೆಗೆದು, ಕೋಣೆಯಿಂದ ಹೊರಬಂದು 112ಕ್ಕೆ ಫೋನ್ ಮಾಡಿ.

ಪ್ರಶ್ನೆ: ಹುಡುಗರು ಹುಡುಗಿಯರು ಸೇರಿ ಎಂಟು ಜನ ಹೋಗುತ್ತಿದ್ದೇವೆ. ಕೆಲವರು ಕುಡಿಯುತ್ತಾರೆ. ಯಾರಾದರೂ ತೀರಾ ಅಮಲಾದರೆ, ಅಥವಾ ಬೇಡದ್ದೇನಾದರೂ ನಡೆದರೆ ಏನು ಮಾಡಬೇಕು?
— ಡಿಗ್ರಿ ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಹೊರಡುವ ಮುಂಚೆಯೇ ಇದನ್ನು ಕೇಳಿದ್ದು ಒಳ್ಳೆಯದಾಯಿತು. ಎಂಟು ಜನರಲ್ಲಿ ಇಬ್ಬರು ಆ ರಾತ್ರಿ ಕುಡಿಯುವುದಿಲ್ಲ ಎಂದು ಮೊದಲೇ ನಿಗದಿಯಾಗಲಿ. ಅವರ ಫೋನ್ ಚಾರ್ಜ್ ಆಗಿರಲಿ, ಹೋಮ್‌ಸ್ಟೇ ಇರುವ ಜಾಗದ ಲೊಕೇಶನ್ ಮನೆಯ ಒಬ್ಬರಿಗಾದರೂ ಹೋಗಿರಲಿ. ತೆರೆದಿಟ್ಟು ಬಂದ ಲೋಟವನ್ನು ಮತ್ತೆ ಕುಡಿಯಬೇಡಿ, ಅಪರಿಚಿತರು ಸುರಿದುಕೊಟ್ಟದ್ದನ್ನೂ ಬೇಡ. ಕುಡಿದು ಕೆರೆಗೆ, ಹೊಳೆಗೆ, ಕಾಲುವೆಗೆ ಇಳಿಯಲೇಬೇಡಿ. ಸಾಣಾಪುರದ ಬಂಡೆಯ ಮೇಲಿಂದ ಶಾಂತವಾಗಿ ಕಾಣುವ ತುಂಗಭದ್ರೆಯ ಸೆಳೆತ ಈಜು ಬಲ್ಲವರನ್ನೂ ಎಳೆದೊಯ್ದಿದೆ. 2025ರ ಮಾರ್ಚ್‌ನಲ್ಲಿ ಅಲ್ಲಿನ ಕಾಲುವೆ ಬಳಿ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿಯಾಗಿ, ಮಹಿಳೆಯರ ಮೇಲೆ ಅತ್ಯಾಚಾರ ನಡೆದು, ಒಬ್ಬರು ನೀರುಪಾಲಾದರು. ತಪ್ಪು ದಾಳಿ ಮಾಡಿದವರದೇ, ಕೂತವರದಲ್ಲ. ಆದರೂ ಕತ್ತಲಾದ ಮೇಲೆ ನಿರ್ಜನ ದಂಡೆಗೆ ಹೋಗದೆ ಹೋಮ್‌ಸ್ಟೇ ಅಂಗಳದಲ್ಲೇ ಕೂರಿ ಎಂದು ಕಾಳಜಿಯಿಂದ ಹೇಳುತ್ತೇವೆ.

ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದರೆ ಅಂಗಾತ ಮಲಗಿಸಬೇಡಿ, ವಾಂತಿ ಉಸಿರುನಾಳಕ್ಕೆ ಹೋಗಿ ಸಾಯುವುದು ಹಾಗೆಯೇ. ಒಂದು ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ ತಂದು, ಬಾಯಿ ನೆಲದ ಕಡೆಗೆ ವಾಲಿರುವಂತೆ ಮಲಗಿಸಿ. ಉಪ್ಪುನೀರು ಕುಡಿಸುವುದು, ತಣ್ಣೀರು ಸುರಿಯುವುದು, ಕಾಫಿ ಕೊಡುವುದು ಯಾವುದೂ ಬೇಡ. ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ. ಮನೆಗೆ ಗೊತ್ತಾಗುತ್ತದೆಂದು ಬೆಳಗಿನ ತನಕ ಕಾಯಬೇಡಿ.

ಹುಡುಗರು ಇದನ್ನು ಓದಿಕೊಳ್ಳಲಿ: ಅಮಲಿನಲ್ಲಿ ಏನಾಗುತ್ತಿದೆಯೆಂದು ತಿಳಿಯದ ಸ್ಥಿತಿಯಲ್ಲಿ ‘ಹೂಂ’ ಎಂದದ್ದು ಒಪ್ಪಿಗೆಯಲ್ಲ, ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅದು ಅತ್ಯಾಚಾರ. ಸುಮ್ಮನಿರುವುದು, ನಿದ್ದೆಯಲ್ಲಿರುವುದು, ಹಿಂದೊಮ್ಮೆ ಒಪ್ಪಿದ್ದುದು ಯಾವುದೂ ಇವತ್ತಿನ ಒಪ್ಪಿಗೆಯಲ್ಲ. ನಡುವೆ ‘ಬೇಡ’ ಎಂದರೆ ಅಲ್ಲಿಗೇ ನಿಲ್ಲಿಸಬೇಕು.

ಬಲಾತ್ಕಾರ ನಡೆದಿದ್ದರೆ ಸಾಧ್ಯವಾದಷ್ಟು ಮಟ್ಟಿಗೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಹೋಗಬೇಕು. ಆ ಬಟ್ಟೆಗಳನ್ನು ಪೇಪರ್ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿದು ಸಾಕ್ಷ್ಯ ಹಾಳಾಗುತ್ತದೆ. ಸ್ನಾನ ಆಗಿಹೋಗಿದ್ದರೂ ಹೋಗಿ. ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯೂ ಮೊದಲ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು, ಎಫ್‌ಐಆರ್ ತಂದ ಮೇಲೆ ನೋಡುತ್ತೇವೆ ಎನ್ನುವ ಹಾಗಿಲ್ಲ. ತುರ್ತು ಗರ್ಭನಿರೋಧಕ, ಪಿಇಪಿ, ಹೆಪಟೈಟಿಸ್-ಬಿ ಲಸಿಕೆ ಮೂರನ್ನೂ ಹೆಸರು ಹಿಡಿದು ಕೇಳಿ. ‘ಎರಡು ಬೆರಳಿನ ಪರೀಕ್ಷೆ’ ಮಾಡಬಾರದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ, ಮಾಡಹೊರಟರೆ ನಿರಾಕರಿಸಿ. ದೂರನ್ನು ಯಾವ ಊರಿನ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಆಗಿ ಕೊಡಬಹುದು. ಗೋವಾದಲ್ಲಿ ನಡೆದದ್ದಕ್ಕೆ ಕೊಪ್ಪಳದಲ್ಲೂ ಆಗುತ್ತದೆ. 181 ಮಹಿಳಾ ಸಹಾಯವಾಣಿ ನಿಮ್ಮನ್ನು ನೊಂದ ಮಹಿಳೆಯರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರಕ್ಕೆ ಜೋಡಿಸುತ್ತದೆ.

ಪ್ರಶ್ನೆ: ಟ್ರಿಪ್ಪಿನಲ್ಲಿ ಅವನು ತೆಗೆದ ಫೋಟೊಗಳನ್ನು ಇಟ್ಟುಕೊಂಡು, ಮತ್ತೆ ಬರದಿದ್ದರೆ ಕಾಲೇಜ್ ಗ್ರೂಪಿಗೆ ಹಾಕುತ್ತೇನೆ ಎಂದು ಹೆದರಿಸುತ್ತಿದ್ದಾನೆ. ತೆಗೆಯುವಾಗ ನಾನೇ ಒಪ್ಪಿದ್ದೆ. ಸಾಯಬೇಕೆನಿಸುತ್ತದೆ.
— ಬಳ್ಳಾರಿ

ಉತ್ತರ: ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್ ಸಹಾಯವಾಣಿ ಅದು, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಈ ರಾತ್ರಿ ಒಬ್ಬರೇ ಇರಬೇಡಿ, ನಂಬಿಕೆಯ ಒಬ್ಬರಿಗೆ ವಿಷಯ ತಿಳಿಸಿ. ನೀವು ಅಪರಾಧಿಯಲ್ಲ. ತೆಗೆಯಲು ಒಪ್ಪಿದ್ದು ಹಂಚಲು ಒಪ್ಪಿದಂತಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಬಿಡಿಸಿ ಹೇಳುತ್ತದೆ.

ಅವನಿಗೆ ದುಡ್ಡು ಕೊಡಬೇಡಿ, ಇನ್ನೊಂದು ಫೋಟೊ ಕಳಿಸಬೇಡಿ, ‘ಒಮ್ಮೆ ಬಾ’ ಎಂದರೆ ಹೋಗಬೇಡಿ. ಒಮ್ಮೆ ಮಣಿದರೆ ಬೇಡಿಕೆ ಬೆಳೆಯುತ್ತದೆ. ಸಿಟ್ಟಿಗೆ ಚಾಟ್ ಅಳಿಸಬೇಡಿ. ಬೆದರಿಕೆಯ ಮೆಸೇಜುಗಳನ್ನು ಅವನ ನಂಬರ್, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಕಡೆ ಉಳಿಸಿ. ಆಮೇಲೆ ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ, ಅಂದರೆ ಸೆನ್ ಠಾಣೆಗೆ, ದೂರು ಕೊಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ವಿಭಾಗದಡಿ ಹೆಸರು ಹೇಳದೆಯೂ ದಾಖಲಿಸಬಹುದು. 18 ದಾಟಿದವರಿಗೆ ‘ಸ್ಟಾಪ್ ಎನ್‌ಸಿಐಐ’ ಎಂಬ ಜಾಲತಾಣವಿದೆ. ಅದು ಫೋಟೊವನ್ನು ನಿಮ್ಮ ಫೋನಿನಲ್ಲೇ ಓದಿ ಅದರ ಗುರುತಿನ ಸಂಖ್ಯೆಯನ್ನಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಕೊಡುತ್ತದೆ. ಅದೇ ಚಿತ್ರ ಅಲ್ಲಿ ಏರಿದರೆ ತಡೆಯಲು ಅದು ನೆರವಾಗುತ್ತದೆ, ಫೋಟೊ ನಿಮ್ಮ ಕೈಬಿಟ್ಟು ಹೋಗುವುದಿಲ್ಲ.

ಪ್ರಶ್ನೆ: ನಾನು ಹುಡುಗ, ನನಗೆ ಇಷ್ಟವಾಗುವುದು ಹುಡುಗರೇ. ಪ್ರವಾಸದಲ್ಲಿ ಆ್ಯಪ್ ಮೂಲಕ ಒಬ್ಬರನ್ನು ಭೇಟಿಯಾಗಬೇಕೆಂದಿದ್ದೇನೆ. ಯಾವ ಎಚ್ಚರ ಬೇಕು?
— ರಾಯಚೂರು

ಉತ್ತರ: ಇದು ರೋಗವೂ ಅಲ್ಲ, 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರ ನಡುವೆ ಅಪರಾಧವೂ ಅಲ್ಲ. ಆ್ಯಪಿನಲ್ಲಿ ಪರಿಚಯ ಮಾಡಿಕೊಂಡು, ಕೋಣೆಗೆ ಕರೆಸಿ, ವಿಡಿಯೊ ಮಾಡಿ ಸುಲಿಗೆ ಮಾಡುವವರಿದ್ದಾರೆ. ಮೊದಲ ಭೇಟಿ ಜನರಿರುವ ಹೋಟೆಲಿನಲ್ಲಿ, ಹಗಲಿನಲ್ಲಿ ಆಗಲಿ, ಭೇಟಿಗೆ ಮುನ್ನ ವಿಡಿಯೊ ಕರೆಯಲ್ಲಿ ಮುಖ ನೋಡಿ. ಗುದಸಂಪರ್ಕದಲ್ಲಿ ಚರ್ಮ ಬೇಗ ಹರಿಯುವುದರಿಂದ ಎಚ್‌ಐವಿ ಅಪಾಯ ಹೆಚ್ಚು. ಕಾಂಡೋಮ್ ಜೊತೆ ನೀರಿನಾಧಾರದ ಜೆಲ್ಲಿ ಧಾರಾಳವಾಗಿರಬೇಕು, ಎಂಜಲು ಸಾಲದು. ಹೆಪಟೈಟಿಸ್-ಬಿ ಲಸಿಕೆ ಆಗಿರದಿದ್ದರೆ ಈಗಲೇ ಶುರುಮಾಡಿ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಎಚ್‌ಐವಿಯನ್ನು ಮುಂಚಿತವಾಗಿ ತಡೆಯುವ ‘ಪ್ರೆಪ್’ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ, ಅದಕ್ಕೆ ಮೊದಲು ಎಚ್‌ಐವಿ ಮತ್ತು ಕಿಡ್ನಿ ಪರೀಕ್ಷೆ ಆಗಬೇಕು.

ಪ್ರಶ್ನೆ: ಮಗಳಿಗೆ 19, ಟೂರಿಗೆ ಹೋಗುತ್ತೇನೆ ಅನ್ನುತ್ತಾಳೆ. ಗರ್ಭಕೊರಳಿನ ಕ್ಯಾನ್ಸರ್ ಲಸಿಕೆ ಹಾಕಿಸಿದರೆ ಅವಳಿಗೆ ತಪ್ಪು ಸಂದೇಶ ಹೋಗುವುದಿಲ್ಲವೇ?
— ತಾಯಿ, ದೇವದುರ್ಗ

ಉತ್ತರ: ಹೋಗುವುದಿಲ್ಲ ತಾಯಿ. ಆ ಕ್ಯಾನ್ಸರ್ ತರುವುದು ಮದುವೆಯಾದ ಮೇಲೂ ಬರುವ ಸೋಂಕೇ, ಅದು ತಗುಲುವ ಮುಂಚೆ ಲಸಿಕೆ ಹಾಕಿಸಿದಷ್ಟೂ ಒಳ್ಳೆಯದು. ಅವಳ ವಯಸ್ಸಿಗೆ ಸಾಮಾನ್ಯವಾಗಿ ಮೂರು ಡೋಸ್: ಇವತ್ತು, ಎರಡು ತಿಂಗಳಿಗೆ, ಆರು ತಿಂಗಳಿಗೆ. ನಮ್ಮ ದೇಶದಲ್ಲೇ ತಯಾರಾಗುವ ಸರ್ವಾವ್ಯಾಕ್ 26 ವರ್ಷದವರೆಗಿನವರಿಗೆ ಕೊಡಬಹುದಾದದ್ದು. ಏನೇ ಆದರೂ ಮೊದಲು ತನಗೇ ಫೋನ್ ಮಾಡಬಹುದೆಂಬ ಧೈರ್ಯವನ್ನು ಮಗಳಿಗೆ ಕೊಟ್ಟು ಕಳಿಸಿ. ಈ ಪುಟದ ಪತ್ರ ಬರೆದವರಲ್ಲಿ ಅನೇಕರಿಗೆ ಅಂಥ ಒಂದು ಫೋನ್ ನಂಬರ್ ಇರಲಿಲ್ಲ.

ಪ್ರಶ್ನೆ: ಕಿಟ್‌ನಲ್ಲಿ ಎರಡು ಗೆರೆ ಬಂದಿವೆ. ನನಗೆ 20. ಅವನು ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಡುತ್ತೇನೆ ಅನ್ನುತ್ತಾನೆ. ಆಸ್ಪತ್ರೆಯಲ್ಲಿ ಗಂಡನ ಸಹಿ ಕೇಳುತ್ತಾರಂತೆ.
— ಕುಷ್ಟಗಿ

ಉತ್ತರ: ಆ ಮಾತ್ರೆ ನುಂಗಬೇಡಿ. ಗರ್ಭ ಗರ್ಭಕೋಶದಲ್ಲೇ ಇದೆಯೇ, ಎಷ್ಟು ವಾರ ಎಂದು ತಿಳಿಯದೆ ತಗೊಂಡರೆ ಜೀವಕ್ಕೇ ಅಪಾಯ. ಗರ್ಭ ನಾಳದಲ್ಲಿ ನಿಂತಿದ್ದರೆ ಮಾತ್ರೆಯಿಂದ ಅದು ಹೋಗುವುದಿಲ್ಲ, ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ಒಂದು ಪಕ್ಕದ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಒಂದು ಗಂಟೆಯೂ ಕಾಯುವ ಹಾಗಿಲ್ಲ.

18 ತುಂಬಿದ ಹೆಣ್ಣಿಗೆ ಗರ್ಭಪಾತಕ್ಕೆ ಬೇಕಿರುವುದು ಅವಳೊಬ್ಬಳ ಸಹಿ. ಗಂಡನದಾಗಲೀ ತಂದೆತಾಯಿಯದಾಗಲೀ ಕಾನೂನಿನಲ್ಲಿಲ್ಲ. 1971ರ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಅಲ್ಲಿಂದ 24 ವಾರದವರೆಗೆ ನಿಗದಿತ ಸಂದರ್ಭಗಳಲ್ಲಿ ಇಬ್ಬರದು ಬೇಕು. ಮದುವೆಯಾಗದವರಿಗೂ ಇದೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ನಿಮ್ಮ ಹೆಸರು ಹೊರಗೆಡಹುವುದು ಅಪರಾಧ.

ವಾರದ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ, ಸಂಪರ್ಕವಾದ ದಿನದಿಂದಲ್ಲ. ಆ ದಿನಾಂಕ ಬರೆದುಕೊಂಡು ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಅಥವಾ ಗಂಗಾವತಿಯ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಸ್ಕ್ಯಾನಿಂಗ್, ಹಿಮೋಗ್ಲೋಬಿನ್, ರಕ್ತದ ಗುಂಪು ನೋಡುತ್ತಾರೆ. ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ಕೇಳಿ. ಅದು ತಪ್ಪಿದರೆ ಮುಂದಿನ ಬಸಿರಿಗೆ ತೊಂದರೆಯಾಗಬಹುದು. ಒಂಬತ್ತು ವಾರದೊಳಗಾದರೆ ಡಾಕ್ಟರ ನಿಗಾದಲ್ಲಿ ಮಾತ್ರೆಯಿಂದಲೇ ಆಗುತ್ತದೆ. ಮನೆಗೆ ಬಂದ ಮೇಲೆ ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಎರಡು ಗಂಟೆ ಸತತ ಹೋದರೆ, ಜ್ವರ ಇಳಿಯದಿದ್ದರೆ, ವಾಸನೆಯ ಸ್ರಾವವಿದ್ದರೆ ಕೂಡಲೇ ವಾಪಸ್ ಹೋಗಬೇಕು. ಹದಿನೈದು ದಿನಕ್ಕೆ ಮರುತಪಾಸಣೆ ತಪ್ಪಿಸಬೇಡಿ, ಗರ್ಭ ಪೂರ್ತಿ ಹೋಗಿದೆಯೇ ಎಂದು ಖಚಿತವಾಗುವುದು ಆಗಲೇ. ಮುಂದಿನ ಮುಟ್ಟಿಗೆ ಮುಂಚೆಯೇ, ಎರಡು ವಾರದೊಳಗೂ, ಮತ್ತೆ ಗರ್ಭ ನಿಲ್ಲಬಹುದು. ಆದ್ದರಿಂದ ಯಾವ ಗರ್ಭನಿರೋಧಕ ನಿಮಗೆ ಹೊಂದುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ ಬರೆಸಿಕೊಳ್ಳಿ.